ಸಹಿಯುಳ್ಳ ಪುಸ್ತಕದ ಋಣ

ಮನೆಗೆ ಬಂದ ಗ್ರಂಥವನ್ನು ಏನು ಮಾಡತಕ್ಕದ್ದು ಎಂಬ ಪ್ರಶ್ನೆಗೆ ಕನ್ನಡ ನಾಡು ಕೊಟ್ಟ ಉತ್ತರಗಳಲ್ಲಿ ಅತ್ಯಂತ ಉದಾರವಾದುದು ಹುಬ್ಬಳ್ಳಿಯ ಪೂರ್ವಕ್ಕೆ, ಗದಗಿನ ಮಗ್ಗುಲಲ್ಲಿರುವ ಲಕ್ಕುಂಡಿಯ ಹೆಸರಿನೊಡನೆ ಬೆಸೆದುಕೊಂಡಿದೆ. ಹತ್ತನೆಯ ಶತಮಾನದಲ್ಲಿ ಮಲ್ಲಪ, ಪುನ್ನಮಯ್ಯ ಎಂಬ ಸೋದರರು ತಮ್ಮ ಗುರು ಜಿನಚಂದ್ರದೇವರ ಗೌರವಾರ್ಥವಾಗಿ ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಯಿಸಿದರು. ಅನಂತರ ಮಲ್ಲಪನ ಮಗಳಾದ ಅತ್ತಿಮಬ್ಬೆ, ತನ್ನ ತವರಿನ ಆಶ್ರಯದಲ್ಲಿ ಹುಟ್ಟಿದ ಆ ಕಾವ್ಯವು ಪ್ರತಿಗಳಿಲ್ಲದೆ ಕ್ಷೀಣಿಸಬಾರದೆಂದು ಬಗೆದು, ಓಲೆಯ ಮೇಲೆ ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯ 1007ರ ಶಾಸನವು ಕೊಂಡಾಡುವ ಈ ದಾನಚಿಂತಾಮಣಿಯು ಬಸದಿಗಳನ್ನು ಕಟ್ಟಿಸಿದಳು, ಜಿನಬಿಂಬಗಳನ್ನು ಮಾಡಿಸಿಕೊಟ್ಟಳು, ರನ್ನನಂಥ ಕವಿಗೆ ಆಶ್ರಯವಿತ್ತಳು. ಆದರೆ ತಂದೆಯ ಮನೆಯ ಗ್ರಂಥವೊಂದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕದೆ ನಾಡಿನ ಗ್ರಂಥವನ್ನಾಗಿ ಮಾಡಿದ ಆ ಒಂದು ಕಾರ್ಯವು, ಹಿರಿಯರ ಪುಸ್ತಕವನ್ನು ಕೈಯಲ್ಲಿ ಹಿಡಿದು ಇದನ್ನೇನು ಮಾಡಲಿ ಎಂದು ಚಿಂತಿಸುವ ಪ್ರತಿಯೊಬ್ಬ ವಾರಸುದಾರನಿಗೂ ಇಂದಿಗೂ ಮೇಲ್ಪಂಕ್ತಿಯಾಗಿ ನಿಂತಿದೆ.

ಜೈನರಲ್ಲಿ ಆಹಾರ, ಅಭಯ, ಭೈಷಜ್ಯಗಳ ಸಾಲಿನಲ್ಲಿ ಶಾಸ್ತ್ರದಾನವೂ ಒಂದು ಪುಣ್ಯಕಾರ್ಯವೆಂದು ಗಣ್ಯವಾಗಿತ್ತು. ದಾನವಾಗಿ ಸಲ್ಲುವ ಗ್ರಂಥದಲ್ಲಿ ಅದನ್ನು ಬರೆದ ಲಿಪಿಕಾರನು ಕೊನೆಯ ಗರಿಯ ಮೇಲೆ ತನ್ನ ಹೆಸರು, ಊರು, ಸಂವತ್ಸರ, ಮಾಸ, ತಿಥಿ, ಯಾರ ಸಲುವಾಗಿ ಬರೆದನೆಂಬ ವಿವರ, ಇವುಗಳನ್ನು ನಮೂದಿಸಿ, ತಪ್ಪುಗಳನ್ನು ಮನ್ನಿಸಬೇಕೆಂದೂ, ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ಅವಿವೇಕಿಯ ಕೈಯಿಂದ ಗ್ರಂಥವನ್ನು ಕಾಪಾಡಬೇಕೆಂದೂ ಪ್ರಾರ್ಥಿಸಿ ಕಬ್ಬಿಣದ ಕಂಟವನ್ನು ಕೆಳಗಿಡುತ್ತಿದ್ದನು. ಇಂದು ವಿದ್ವಾಂಸರು ಒಂದು ಹಸ್ತಪ್ರತಿಯ ಕಾಲವನ್ನೂ ಪರಂಪರೆಯನ್ನೂ ನಿರ್ಣಯಿಸುವಾಗ ಮೊಟ್ಟಮೊದಲು ಹುಡುಕುವುದು ಈ ಕೊನೆಯ ಕೆಲವು ಸಾಲುಗಳನ್ನೇ. ಮುದ್ರಿತ ಪುಸ್ತಕದ ಮೊದಲ ಹಾಳೆಯ ಮೇಲೆ ಲೇಖಕನು ಮಾಡುವ ಸಹಿಯು ಆ ಲಿಪಿಕಾರನ ವಾಕ್ಯದ ನೇರವಾದ ಸಂತತಿ. ಯಾರು, ಯಾರಿಗೆ, ಎಲ್ಲಿ, ಎಂದು ಎಂಬ ನಾಲ್ಕು ಸಂಗತಿಗಳನ್ನು ಹೇಳುವ ಸಹಿಯು, ಒಂದೇ ಅಚ್ಚಿನಿಂದ ಹೊರಟ ನೂರಾರು ಪ್ರತಿಗಳ ನಡುವೆ ಒಂದು ಪ್ರತಿಗೆ ಮಾತ್ರ ಪುನಃ ಓಲೆಗರಿಯ ಅನನ್ಯತೆಯನ್ನು ತಂದುಕೊಡುತ್ತದೆ.

ಉಳಿಸುವುದೆಂದರೆ ಬಚ್ಚಿಡುವುದೆ, ಪೂಜಿಸುವುದೆ, ಕೊಟ್ಟುಬಿಡುವುದೆ ಎಂಬ ವಿಷಯದಲ್ಲಿ ನಮ್ಮ ಪೂರ್ವಜರು ಏಕಾಭಿಪ್ರಾಯದವರಾಗಿರಲಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಬರೆದ ಧವಲಾ, ಜಯಧವಲಾ, ಮಹಾಧವಲಾ ಎಂಬ ಓಲೆಗ್ರಂಥಗಳು ಶತಮಾನಗಳ ಕಾಲ ಅಧ್ಯಯನಕ್ಕಿಂತ ದರ್ಶನಕ್ಕೇ ಮೀಸಲಾಗಿದ್ದುವು. ದೂರದೂರದಿಂದ ಬಂದ ಯಾತ್ರಿಕರು ಅವುಗಳಿಗೆ ಕೈಮುಗಿದು ಮರಳುತ್ತಿದ್ದರು. ಆ ಭಕ್ತಿಯೇ ಅವುಗಳನ್ನು ಉಳಿಸಿತೆಂಬುದು ನಿಜ. ಆ ಭಕ್ತಿಯೇ ಅವುಗಳನ್ನು ವಿದ್ವಾಂಸರಿಂದ ದೂರವಿರಿಸಿತೆಂಬುದೂ ಅಷ್ಟೇ ನಿಜ. 1896ರಲ್ಲಿ ಮೊದಲಾದ ಪ್ರತಿಲೇಖನ ಕಾರ್ಯವು ಮುಗಿಯಲು 1922ರ ವರೆಗೆ ಕಾಲ ಹಿಡಿಯಿತು. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟವು ಅಚ್ಚಾಗಿ ಬಂದುದು 1939ರಲ್ಲಿ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಭಂಡಾರದ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರದಲ್ಲಿ ಸುತ್ತಿಡುವ ಜೈನರ ಆಚಾರವನ್ನು ಗಮನಿಸಿದರೆ, ಪೂಜೆಯೂ ಸಂರಕ್ಷಣೆಯೂ ಮೂಲತಃ ಬೇರೆ ಬೇರೆಯಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದಲ್ಲಿಯೂ, ಕುಮಾರವ್ಯಾಸನ ವಂಶದವರೆಂದು ಹೇಳಿಕೊಳ್ಳುವ ಮನೆತನದವರು ಆತನ ಭಾರತ ಕಾವ್ಯದ ಓಲೆಯ ಪ್ರತಿಯೊಂದನ್ನು ದೇವರ ಸಮಾನವಾಗಿ ಕಾಪಾಡಿಕೊಂಡು ಬಂದಿದ್ದಾರೆ.

ಕೊಟ್ಟುಬಿಡುವುದರ ಮಹಿಮೆಯನ್ನು ತೋರಿಸುವ ದೃಷ್ಟಾಂತ ಮೈಸೂರಿನದು. 1891ರಲ್ಲಿ ಸ್ಥಾಪಿತವಾದ ಅಲ್ಲಿಯ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತನೊಬ್ಬನು ಒಂದು ಓಲೆಗ್ರಂಥವನ್ನು ತಂದು ಒಪ್ಪಿಸಿದನು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಪರಿಶೀಲಿಸಿ, ಅದು ಲೋಕವು ಕಳೆದುಹೋಯಿತೆಂದು ಭಾವಿಸಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಅಂದಿನಿಂದ ಭಾರತೀಯ ರಾಜನೀತಿಯ ಇತಿಹಾಸವನ್ನು ಹೊಸದಾಗಿ ಬರೆಯಬೇಕಾಯಿತು. ಶಾಸ್ತ್ರಿಗಳ ಹೆಸರು ಜಗದ್ವಿಖ್ಯಾತವಾಯಿತು; ಗ್ರಂಥವನ್ನು ಕೊಟ್ಟ ಪುಣ್ಯಾತ್ಮನು ಮಾತ್ರ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತನಾಗಿಯೇ ಉಳಿದನು. ಆತನ ಮನೆಯಲ್ಲಿ ಆ ಓಲೆಗಳು ಎಷ್ಟು ತಲೆಮಾರುಗಳಿಂದ ಇದ್ದುವು, ಆತನ ಹಿರಿಯರಿಗೆ ಯಾರಿಂದ ಬಂದುವು ಎಂಬ ಕಥೆ ಆತನೊಡನೆಯೇ ಹೋಯಿತು. ಗ್ರಂಥವನ್ನು ಕೊಡುವುದು ದೊಡ್ಡದು. ಗ್ರಂಥದ ಕಥೆಯನ್ನೂ ಜೊತೆಗೆ ಕೊಡುವುದು ಅದಕ್ಕಿಂತ ದೊಡ್ಡದು. ನಾನು ಹೇಳಹೊರಟಿರುವುದರ ಸಾರವೆಲ್ಲ ಇದರಲ್ಲಿಯೇ ಇದೆ.

ಅಚ್ಚಿನ ಯುಗದಲ್ಲಿ ಧಾರವಾಡದ ಪ್ರಾಂತಕ್ಕೆ ಸಹಿಯ ಸಂಪ್ರದಾಯವು ಬಂದ ಬಗೆಯಲ್ಲಿ ಒಂದು ವೈಶಿಷ್ಟ್ಯವಿದೆ. ಮುಂಬಯಿ ಅಧಿಪತ್ಯಕ್ಕೆ ಸೇರಿದ್ದ ಈ ಭಾಗದಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಮರಾಠಿಯೇ ಪ್ರಬಲವಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರ ದುಡಿಮೆಯಿಂದ ಕನ್ನಡ ಶಾಲೆಗಳು ಹಬ್ಬಿದುವು. 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1896ರಲ್ಲಿ ಅದರ ‘ವಾಗ್ಭೂಷಣ’ ಪತ್ರಿಕೆ ಹೊರಟಿತು. ಇಂಥ ನೆಲದಲ್ಲಿ ಒಂದು ಕನ್ನಡ ಪುಸ್ತಕವನ್ನು ಬರೆಯುವುದು, ಅಚ್ಚುಹಾಕಿಸುವುದು, ಕೊಳ್ಳುವುದು, ಓದುವುದು, ಇವೆಲ್ಲವೂ ಒಂದೇ ನಾಡಸೇವೆಯ ಅಂಗಗಳಾಗಿದ್ದುದರಿಂದ, ಲೇಖಕನಿಗೂ ಓದುಗನಿಗೂ ನಡುವೆ ಅಂಗಡಿಯ ಕಟಕಟೆಯ ಅಂತರವಿರಲಿಲ್ಲ. ಗಳಗನಾಥರ ಜೀವನವೇ ಇದಕ್ಕೆ ಸಾಕ್ಷಿ. 1869ರಲ್ಲಿ ಹಾವೇರಿಯ ಸೀಮೆಯಲ್ಲಿ ಹುಟ್ಟಿ, 1907ರಲ್ಲಿ ಅಗಡಿಯಿಂದ ‘ಸದ್ಬೋಧ ಚಂದ್ರಿಕೆ’ಯನ್ನು ಹೊರಡಿಸಿ, ಕಾದಂಬರಿಯನ್ನು ಮನೆಮನೆಯ ಓದನ್ನಾಗಿ ಮಾಡಿದ ಆ ಮಹನೀಯರು, ತಾವೇ ಬರೆದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದರು. ತಲೆಯ ಮೇಲಿನ ಹೊರೆಯನ್ನು ಇಳಿಸಿ, ಜಗಲಿಯ ಮೇಲೆ ಕುಳಿತು, ಮನೆಯ ಯಜಮಾನನಿಗೆ ಒಂದು ಪ್ರತಿಯನ್ನು ತೆಗೆದುಕೊಡುವ ಲೇಖಕನ ಕೈಬರಹ ಆ ಪ್ರತಿಯಲ್ಲಿ ಉಳಿದಿದ್ದರೆ, ಕನ್ನಡಿಗನೊಬ್ಬನು ಓದುಗನಾದ ಕ್ಷಣಕ್ಕೆ ಅದಕ್ಕಿಂತ ಮಿಗಿಲಾದ ದಾಖಲೆ ಬೇರೆ ಯಾವುದು?

ಮುಂದೆ ಕವಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಬೆಳೆಯಿತು, 1932ರಲ್ಲಿ ಅವರ ಕವನಸಂಗ್ರಹ ‘ಗರಿ’ ಬಂದಿತು, 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ತೊಡಗಿದರು. ವರ್ಷದ ಚಂದಾ ಕೊಟ್ಟ ಓದುಗನಿಗೆ ಪುಸ್ತಕಗಳು ಮನೆಗೆ ತಲುಪುವ ಆ ವ್ಯವಸ್ಥೆಯಲ್ಲಿ, ಧಾರವಾಡದ ಪೇಟೆಯಲ್ಲಿದ್ದ ಗ್ರಂಥಮಾಲೆಯ ಅಟ್ಟವು ಲೇಖಕರು, ವಿಮರ್ಶಕರು, ವಿದ್ಯಾರ್ಥಿಗಳು ಕೂಡಿ ಕುಳಿತು ಹರಟುವ ಸಾಹಿತ್ಯಪೀಠವಾಯಿತು. ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವು 1961ರಲ್ಲಿ ಇಲ್ಲಿಂದಲೇ ಹೊರಬಿದ್ದಿತು. ಹುಬ್ಬಳ್ಳಿಯಲ್ಲಿ ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, 1956ರಿಂದ ‘ಕಸ್ತೂರಿ’, ಇವು ಓದುಗರ ವಲಯವನ್ನು ಹಳ್ಳಿಹಳ್ಳಿಗೂ ಹಿಗ್ಗಿಸಿದುವು. ಅತ್ತಿಮಬ್ಬೆ ಮಾಡಿಸಿದ ಸಾವಿರ ಪ್ರತಿಯೇ ಕನ್ನಡ ಮುದ್ರಣದ ವಾಡಿಕೆಯ ಸಂಖ್ಯೆಯೂ ಆಗಿತ್ತು. ಆ ಸಾವಿರದಲ್ಲಿ ಕೆಲವು ಸಂಘಕ್ಕೆ, ಕೆಲವು ಶಾಲೆಗೆ, ಕೆಲವು ಗೆಳೆಯರಿಗೆ, ಮಿಕ್ಕವು ಮಳೆಗೂ ಒರಲೆಗೂ ಸಂದ ಮೇಲೆ, ಪ್ರಥಮ ಮುದ್ರಣದ ಪ್ರತಿಯೊಂದು ದುರ್ಲಭವಾಗಲು ಅರ್ಧ ಶತಮಾನವೂ ಬೇಕಾಗುತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಕಾಗದದ ಅಭಾವದಿಂದ ಕೀಳು ಹಾಳೆಯ ಮೇಲೆ ಅಚ್ಚಾದ ಪುಸ್ತಕಗಳಂತೂ ಇಂದು ಬೆರಳು ತಾಗಿದರೆ ಮುರಿಯುವ ಸ್ಥಿತಿಯಲ್ಲಿವೆ.

ಅಂಥ ಪುಸ್ತಕವೊಂದರ ವಿಚಾರ ಗಬ್ಬೂರಿನಲ್ಲಿ ನನ್ನ ಪರಿಚಿತರ ಮನೆಯಲ್ಲಿ ಚರ್ಚೆಗೆ ಬಂದಿತು. ಹುಬ್ಬಳ್ಳಿಯ ದಕ್ಷಿಣದ ಅಂಚಿನ ಈ ಊರು, ಪುಣೆ–ಬೆಂಗಳೂರು ಹೆದ್ದಾರಿಯಿಂದ ಬೈಪಾಸ್ ಕವಲೊಡೆದು ನರೇಂದ್ರದ ಕಡೆಗೆ ಹೊರಡುವ ಸ್ಥಳವೆಂದು ಈಗ ಲಾರಿಯವರಿಗೆಲ್ಲ ಪರಿಚಿತ. ಹೊಲಗಳು ನಿವೇಶನಗಳಾಗಿ, ಮಣ್ಣಿನ ಮಾಳಿಗೆಯ ಮನೆಗಳು ಕಾಂಕ್ರೀಟಿನ ಮನೆಗಳಾಗಿ ಬದಲಾಗುವ ಇಂಥ ಊರುಗಳಲ್ಲಿ, ಮನೆ ಕೆಡವುವ ಹಿಂದಿನ ದಿನವೇ ಹಳೆಯ ಪುಸ್ತಕಗಳ ಹಣೆಬರಹ ನಿರ್ಣಯವಾಗುತ್ತದೆ. ಗೋಡೆಯ ಮಾಡದಿಂದಲೂ ತಗಡಿನ ಟ್ರಂಕಿನಿಂದಲೂ ಹೊರಬಿದ್ದ ಹಾಳೆಗಳು ಹಿತ್ತಾಳೆಯ ಪಾತ್ರೆಗಳ ಪಕ್ಕದಲ್ಲಿ ರದ್ದಿಯವನ ತಕ್ಕಡಿಯನ್ನು ಏರುತ್ತವೆ. ಈ ಮನೆಯಲ್ಲಿ ದೊರೆತುದು ತೆಳುವಾದ ಒಂದು ಕವನಸಂಗ್ರಹ. ಮನೆಯ ಹಿರಿಯರು ಕನ್ನಡ ಸಾಲಿಯ ಮಾಸ್ತರರಾಗಿದ್ದವರು. ರಟ್ಟು ಸಡಿಲಾಗಿತ್ತು, ಬೆನ್ನಿನ ದಾರ ಕಾಣುತ್ತಿತ್ತು, ತುಕ್ಕು ಹಿಡಿದ ಗುಂಡುಸೂಜಿಯೊಂದು ಒಳಹಾಳೆಯಲ್ಲಿ ಕಂದು ಗುರುತು ಬಿಟ್ಟಿತ್ತು. ಮುಖಪತ್ರದ ಹಿಂದಿನ ಹಾಳೆಯ ಮೇಲೆ ಮಾಸ್ತರರ ಹೆಸರು, ಅದರ ಕೆಳಗೆ ಕವಿಯ ಸಹಿ, ಊರು, ತಾರೀಖು. ಒಂದು ಕಾಲಕ್ಕೆ ನೀಲಿಗಪ್ಪಾಗಿದ್ದಿರಬಹುದಾದ ಮಸಿ ಈಗ ಹುಣಿಸೆಯ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು. ಹಾಳೆಯನ್ನು ಬೆಳಕಿಗೆ ಹಿಡಿದರೆ ನಿಬ್ಬು ಒತ್ತಿದ ಕಡೆಯಲ್ಲೆಲ್ಲ ಮಸಿ ಹಿಂಬದಿಗೆ ಇಳಿದುದು ಕಾಣುತ್ತಿತ್ತು.

ಈ ಇಳಿದ ಮಸಿಯು ಸಣ್ಣ ಸಂಗತಿಯಲ್ಲ. ಅನೇಕ ಹಳೆಯ ಪುಸ್ತಕಗಳಲ್ಲಿ ಲೇಖಕನ ಸಹಿಯನ್ನು ಬ್ಲಾಕ್ ಮಾಡಿಸಿ ಅಚ್ಚೊತ್ತುವ ರೂಢಿಯಿತ್ತು. ರಬ್ಬರಿನ ಮುದ್ರೆಯ ಸಹಿಯೂ ಉಂಟು. ಅಚ್ಚಿನ ಸಹಿಯಲ್ಲಿ ಮಸಿಯ ಗಾಢತೆ ಎಲ್ಲೆಡೆಯೂ ಹೆಚ್ಚುಕಡಿಮೆ ಸಮಾನವಾಗಿರುತ್ತದೆ. ಲೇಖನಿಯ ಸಹಿಯಲ್ಲಿ ಇಳಿಗೆರೆ ದಪ್ಪ, ಏರುಗೆರೆ ತೆಳುವು, ಮಸಿ ತುಂಬಿದ ಕಡೆ ಗಾಢ, ತೀರಿದ ಕಡೆ ವಿರಳ. ಕವಿಯ ಪತ್ರಗಳು ಸಂಗ್ರಹವಾಗಿರುವ ಸಂಸ್ಥೆಯೊಂದಕ್ಕೆ ಹೋಗಿ ಅಕ್ಷರದ ತಿರುವುಗಳನ್ನು ಹೋಲಿಸಿ ನೋಡುವುದೇ ಕೊನೆಯ ಪ್ರಮಾಣ. ಇಷ್ಟು ನಿಶ್ಚಯವಾಗುವ ಮೊದಲು ಬೆಲೆಯ ಮಾತಾಗಲಿ ದಾನದ ಮಾತಾಗಲಿ ಅಕಾಲಿಕ.

ಮನೆಯವರಲ್ಲಿ ಹಿರಿಯ ಮಗನಿಗೆ ಅದನ್ನು ಬೆಂಗಳೂರಿನಲ್ಲಿ ಮಾರಿಬಿಡುವ ಯೋಚನೆಯಿತ್ತು. “ಇಟಗೊಂಡ್ರ ಓದಾವ್ರು ಯಾರದಾರವ್ವಾ?” ಎಂದು ಆತನು ತಂಗಿಯನ್ನು ಕೇಳಿದುದರಲ್ಲಿ ಧನಲೋಭಕ್ಕಿಂತ ಖೇದವೇ ಹೆಚ್ಚಾಗಿತ್ತು, ಆತನ ಮೊಮ್ಮಕ್ಕಳು ಕನ್ನಡವನ್ನು ಆಡುತ್ತಾರೆ, ಓದುವುದಿಲ್ಲ. “ಅಣ್ಣಾ, ಅದರಾಗ ಅಪ್ಪಾರ ಹೆಸರ ಐತಿ, ಅದನ್ನ ಹೆಂಗ ಮಾರತಿ?” ಎಂಬುದು ತಂಗಿಯ ಉತ್ತರ. ಈ ಎರಡು ಮಾತುಗಳ ನಡುವೆ, ನಮ್ಮ ಗ್ರಂಥಸಂಸ್ಕೃತಿಯ ಸಾವಿರ ವರ್ಷಗಳ ವಿವಾದವೆಲ್ಲವೂ ಅಡಗಿದೆಯೆಂದು ನನಗೆ ತೋರಿತು.

ಮಾರುವುದು ಪಾಪವೆಂದು ನಾನು ಹೇಳಲಾರೆ. ಮಹಾತ್ಮ ಗಾಂಧಿಯವರು ತಮ್ಮ ಒಂದು ಹಸ್ತಾಕ್ಷರಕ್ಕೆ ಐದು ರೂಪಾಯಿಯನ್ನು ಹರಿಜನ ನಿಧಿಗೆ ಪಡೆಯುತ್ತಿದ್ದರು. ಸಹಿಯ ಬೆಲೆಯು ಸತ್ಕಾರ್ಯಕ್ಕೆ ಸಲ್ಲಬಹುದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಬೆಂಗಳೂರಿನಲ್ಲಿ ವಕೀಲರಾಗಿದ್ದ ಕೆ. ಬಿ. ಕೆ. ರಾಯರು 1945ರಲ್ಲಿ ಆರಂಭಿಸಿದ ಸೆಲೆಕ್ಟ್ ಪುಸ್ತಕದಂಗಡಿಯಂಥ ಕಡೆಗಳಲ್ಲಿ ಹಳೆಯ ಪುಸ್ತಕದ ವ್ಯಾಪಾರವೇ ಎಷ್ಟೋ ಗ್ರಂಥಗಳನ್ನು ರದ್ದಿಯ ರಾಶಿಯಿಂದ ಮೇಲೆತ್ತಿ, ಅವುಗಳನ್ನು ಬಲ್ಲವರ ಕೈಗೆ ತಲುಪಿಸಿದೆ. ಆದರೆ ಮಾರಾಟದಲ್ಲಿ ಒಂದು ಅಪಾಯವುಂಟು: ಕೊಂಡವನಿಗೆ ಬೇಕಾದುದು ಕವಿಯ ಹೆಸರು; ಮಾಸ್ತರರ ಹೆಸರು ಆತನಿಗೆ ಕೇವಲ ಅಪರಿಚಿತನೊಬ್ಬನ ಹೆಸರು. ಎರಡು ಮೂರು ಕೈ ಬದಲಾದ ಮೇಲೆ ಗಬ್ಬೂರೂ ಮರೆಯಾಗಿ, ಸಾಲಿಯೂ ಮರೆಯಾಗಿ, ಒಂದು ಬಾಂಧವ್ಯದ ದಾಖಲೆಯು ಒಂದು ಸಹಿಯ ಮಾದರಿಯಾಗಿ ಮಾತ್ರ ಉಳಿಯುತ್ತದೆ.

ಮನೆಯಲ್ಲಿಯೇ ಇರಿಸಿಕೊಳ್ಳುವುದು ಎರಡನೆಯ ಮಾರ್ಗ. ಓದುವವರೊಬ್ಬರಾದರೂ ಮುಂದಿನ ತಲೆಮಾರಿನಲ್ಲಿದ್ದರೆ, ಗೋಡೆಯ ತೇವ ತಾಗದ ಒಂದು ಕಪಾಟಿದ್ದರೆ, ಇದಕ್ಕಿಂತ ಸಹಜವಾದ ನೆಲೆ ಮತ್ತೊಂದಿಲ್ಲ. ಆದರೆ ಪ್ರೀತಿಯಿಂದ ಮಾಡುವ ಕೇಡುಗಳೇ ಹೆಚ್ಚು: ಹರಿದ ಹಾಳೆಗೆ ಅಂಟುವ ಪ್ಲಾಸ್ಟಿಕ್ ಪಟ್ಟಿಯನ್ನು ಹಚ್ಚುವುದು, ಸಹಿಯ ಪುಟಕ್ಕೆ ಲ್ಯಾಮಿನೇಶನ್ ಮಾಡಿಸುವುದು, ಗಾಜಿನ ಚೌಕಟ್ಟಿನಲ್ಲಿಟ್ಟು ಬಿಸಿಲು ಬೀಳುವ ಗೋಡೆಗೆ ತೂಗುಹಾಕುವುದು, ಹೊಸದಾಗಿ ಕಟ್ಟಿಸುವಾಗ ಅಂಚನ್ನು ಕತ್ತರಿಸಿ ತಾರೀಖನ್ನೇ ಕಳೆದುಕೊಳ್ಳುವುದು. ನಮ್ಮ ಹಿರಿಯರು ಬೇವಿನ ಎಲೆ, ಬಜೆಯ ಬೇರು, ಹತ್ತಿಯ ವಸ್ತ್ರ ಇಷ್ಟನ್ನೇ ಬಳಸಿ, ವರ್ಷಕ್ಕೊಮ್ಮೆ ಗಾಳಿಗೆ ಹರವಿ, ಮಳೆಗಾಲವನ್ನು ದಾಟಿಸುತ್ತಿದ್ದರು. ಸ್ವಚ್ಛವಾದ ಹತ್ತಿಯ ಬಟ್ಟೆ, ಒಣಗಿದ ಕೈ, ನೆರಳು, ಇವು ಇಂದಿಗೂ ಉತ್ತಮ ರಕ್ಷಣೆ.

ಮೂರನೆಯದು ಸಂಸ್ಥೆಗೆ ಸಮರ್ಪಿಸುವುದು. ಈ ಸೀಮೆಯವರು ಇದರಲ್ಲಿ ಭಾಗ್ಯವಂತರು. ವಿದ್ಯಾವರ್ಧಕ ಸಂಘವಿದೆ, 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಸ್ಥಾಪಿಸಿ, ಆರ್. ಎಸ್. ಪಂಚಮುಖಿಯವರು ಮೊದಲು ನಡೆಸಿದ ಕನ್ನಡ ಸಂಶೋಧನ ಸಂಸ್ಥೆಯಿದೆ. ಅದನ್ನು ಒಳಗೊಂಡ ಕರ್ನಾಟಕ ವಿಶ್ವವಿದ್ಯಾಲಯವಿದೆ. ಸಾಧನಕೇರಿಯಲ್ಲಿ ಬೇಂದ್ರೆಯವರ ಸ್ಮಾರಕವಿದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದಲೂ ಮಠಗಳಿಂದಲೂ ಓಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ತೊಡಗಿದಾಗ, ಅಂಥ ಮನೆಗಳವರು ನಂಬಿ ಕೊಟ್ಟುದರಿಂದಲೇ ವಚನಸಾಹಿತ್ಯವು ಬೆಳಕಿಗೆ ಬಂದುದಲ್ಲವೆ? ಆದರೆ ದಾನವೂ ವಿವೇಕವನ್ನು ಬೇಡುತ್ತದೆ. ಎರವಲು ಕೊಡುವ ಸಾಮಾನ್ಯ ಕಪಾಟಿಗೆ ಇಂಥ ಪುಸ್ತಕ ಹೋದರೆ, ಮೊದಲನೆಯ ದಿನವೇ ನೇರಳೆ ಬಣ್ಣದ ಮುದ್ರೆಯು ಸಹಿಯ ಮೇಲೆಯೇ ಬೀಳಬಹುದು. ಮುಂದೊಂದು ದಿನ ಜೀರ್ಣಪುಸ್ತಕಗಳ ವಿಲೇವಾರಿಯಲ್ಲಿ ಮತ್ತೆ ರದ್ದಿಗೇ ಸೇರಬಹುದು. ಆದುದರಿಂದ ಅದನ್ನು ವಿಶೇಷ ಸಂಗ್ರಹದಲ್ಲಿರಿಸುವುದಾಗಿ ಬರಹದಲ್ಲಿ ಒಪ್ಪಿಗೆ ಪಡೆದು, ದಾಖಲೆಯ ಸಂಖ್ಯೆಯುಳ್ಳ ರಸೀದಿಯನ್ನು ತೆಗೆದುಕೊಂಡು, ದಾನಿಯ ಹೆಸರಿನೊಡನೆ ಪುಸ್ತಕವನ್ನು ಪಡೆದಿದ್ದವರ ಹೆಸರನ್ನೂ ಸೂಚಿಯಲ್ಲಿ ಸೇರಿಸಬೇಕೆಂದು ಕೇಳುವುದು ಉಚಿತ.

ಕಾನೂನಿನ ಮಾತೂ ಸ್ವಲ್ಪ ತಿಳಿದಿರಬೇಕು. ಪುಸ್ತಕವು ಮನೆಯವರದೇ ಆದರೂ, ಅದರಲ್ಲಿ ಕವಿಯು ಅಪ್ರಕಟಿತ ಪದ್ಯವನ್ನೋ ಪತ್ರವನ್ನೋ ಬರೆದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಆ ಬರಹದ ಪ್ರಕಟಣೆಯ ಹಕ್ಕು ಸಾಮಾನ್ಯವಾಗಿ ಕವಿಯ ವಾರಸುದಾರರದು. ಕವಿಯು ಬದುಕಿರುವಾಗ ಪ್ರಕಟವಾಗದ ಅಂಥ ಬರಹಕ್ಕೆ, ಅದು ಮೊದಲು ಪ್ರಕಟವಾದ ವರ್ಷದ ಅನಂತರ 60 ವರ್ಷಗಳ ಅವಧಿಯುಂಟು. 75 ವರ್ಷ ದಾಟಿದ ಹಸ್ತಪ್ರತಿಗಳನ್ನೂ, 100 ವರ್ಷ ದಾಟಿದ ಇತರ ಪ್ರಾಚ್ಯವಸ್ತುಗಳನ್ನೂ 1972ರ ಪ್ರಾಚ್ಯವಸ್ತು ಕಾಯಿದೆಯು ರಕ್ಷಿಸುವುದರಿಂದ, ಅಂಥವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಗ್ರಂಥಾಲಯಗಳಿಗೆ ಪುಸ್ತಕ ಸಲ್ಲಿಸುವ 1954ರ ಕಾಯಿದೆಯಂತೆ ಅಂದಿನಿಂದ ಅಚ್ಚಾದ ಪುಸ್ತಕಗಳ ಪ್ರತಿಗಳು ಕೋಲ್ಕತ್ತ, ಮುಂಬಯಿ, ಚೆನ್ನೈ, ದಿಲ್ಲಿಗಳ ಗ್ರಂಥಾಲಯಗಳಿಗೆ ಸಲ್ಲತಕ್ಕವು. ಅದಕ್ಕೂ ಮೊದಲು ಧಾರವಾಡ ಹುಬ್ಬಳ್ಳಿಗಳಲ್ಲಿ ಅಚ್ಚಾದ ಸಣ್ಣ ಪುಸ್ತಕವಾದರೆ, ಮನೆಯ ಆ ಪ್ರತಿಯೇ ಉಳಿದಿರುವ ಕೆಲವೇ ಪ್ರತಿಗಳಲ್ಲಿ ಒಂದಾಗಿರಬಹುದು.

ಇಷ್ಟನ್ನೆಲ್ಲ ವಿಚಾರಿಸಿದ ಮೇಲೆ ನಾನು ಆ ಮನೆಯವರಿಗೆ ಸೂಚಿಸಿದುದು ಇದು. ಮಾರುವುದು, ಇರಿಸುವುದು, ಕೊಡುವುದು, ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಅದಕ್ಕೆ ಮೊದಲು ಒಂದು ಕರ್ತವ್ಯವಿದೆ. ಮಾಸ್ತರರು ಯಾರು, ಯಾವ ಊರಿನ ಸಾಲಿಯಲ್ಲಿದ್ದರು, ಕವಿಯ ಪರಿಚಯ ಅವರಿಗೆ ಹೇಗಾಯಿತು, ಪುಸ್ತಕವು ಯಾವ ಸಂದರ್ಭದಲ್ಲಿ ಕೈಸೇರಿತು, ಅನಂತರ ಯಾರ ವಶದಲ್ಲಿತ್ತು ಎಂಬುದನ್ನು, ಬಲ್ಲ ಹಿರಿಯರು ಬದುಕಿರುವಾಗಲೇ, ಒಂದು ಒಳ್ಳೆಯ ಹಾಳೆಯ ಮೇಲೆ ಬರೆದು, ಬರೆದವರು ಸಹಿ ಹಾಕಿ, ಪುಸ್ತಕದೊಡನೆ ಇರಿಸತಕ್ಕದ್ದು. ಪುಸ್ತಕದ ಮೇಲೆ ಏನನ್ನೂ ಬರೆಯಬಾರದು. ಎಲ್ಲ ಪುಟಗಳ ಛಾಯಾಚಿತ್ರಗಳನ್ನು ತೆಗೆದು ಮನೆಯ ಪ್ರತಿಯೊಂದು ಕವಲಿಗೂ ಕೊಡತಕ್ಕದ್ದು. ಅತ್ತಿಮಬ್ಬೆಗೆ ಸಾವಿರ ಕಂಟಗಳು ಬೇಕಾದ ಕೆಲಸಕ್ಕೆ ಇಂದು ಅಂಗೈಯಗಲದ ಫೋನು ಸಾಕು. ಇಷ್ಟಾದ ಮೇಲೆ, ಓದುವವರಿಲ್ಲದ ಮನೆಯವರು ಮೂಲಪ್ರತಿಯನ್ನು ಧಾರವಾಡದ ಸಂಸ್ಥೆಯೊಂದಕ್ಕೆ, ಮಾಸ್ತರರ ಹೆಸರಿನಲ್ಲಿ ಕೊಡುವುದೇ ಶ್ರೇಯಸ್ಕರವೆಂಬುದು ನನ್ನ ಸ್ಪಷ್ಟವಾದ ಅಭಿಪ್ರಾಯ. ದೂರದ ರಾಜಧಾನಿಯಲ್ಲಿ ಅದು ಪ್ರಸಿದ್ಧ ಕವಿಯ ಒಂದು ಸಹಿ. ಧಾರವಾಡದಲ್ಲಿ ಅದು ಕವಿ, ಮಾಸ್ತರ, ಸಾಲಿ, ಊರು ಎಂಬ ನಾಲ್ಕನ್ನೂ ಅರಿತು ಓದಬಲ್ಲ ಸಂಶೋಧಕನಿಗೆ ಒದಗುವ ಇತಿಹಾಸ.

ಲೇಖಕರ ಚರಿತ್ರೆಯನ್ನು ನಾವು ಸಾಕಷ್ಟು ಬರೆದಿದ್ದೇವೆ. ಚಂದಾ ಕೊಟ್ಟ, ಪುಸ್ತಕವನ್ನು ಹೊತ್ತು ತಂದವನಿಗೆ ಜಗಲಿಯಲ್ಲಿ ಮಣೆ ಹಾಕಿದ, ಕಂದೀಲಿನ ಬೆಳಕಿನಲ್ಲಿ ಮನೆಯವರಿಗೆಲ್ಲ ಓದಿ ಹೇಳಿದ ಓದುಗರ ಚರಿತ್ರೆಯನ್ನು ಇನ್ನೂ ಬರೆದಿಲ್ಲ. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ಇಂಥ ಪುಸ್ತಕಗಳ ಮೊದಲ ಹಾಳೆಗಳ ಮೇಲೆ, ನಮ್ಮ ಮನೆಗಳಲ್ಲಿಯೇ ಚದರಿಕೊಂಡಿದೆ. ಆದ್ದರಿಂದ ಓದುಗರಲ್ಲಿ ನನ್ನದೊಂದು ವಿಜ್ಞಾಪನೆ: ಬರುವ ಖಂಡೇನವಮಿಗೆ ಪುಸ್ತಕಗಳನ್ನು ಪೂಜೆಗಿಡಲು ಟ್ರಂಕನ್ನು ತೆರೆದಾಗ, ಪ್ರತಿಯೊಂದರ ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ತಿರುವಿ ನೋಡಿ, ಅಲ್ಲಿ ಒಂದು ಹೆಸರು ಕಂಡರೆ, ಅದು ಪ್ರಸಿದ್ಧರದಾಗಿರಲಿ ಅಜ್ಞಾತರದಾಗಿರಲಿ, ಮನೆಯ ಹಿರಿಯರನ್ನು ಕೇಳಿ ಅದರ ಕಥೆಯನ್ನು ಅಂದೇ ಬರೆದಿಡಿ.